ಮನೆತನದಲ್ಲಿ ಬರುವ ಪ್ಯಾಂಕ್ರಿಯಾಟೈಟಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮನಿಗೆ ಮೊದಲ ಸಲ ಆ ನೋವು ಬಂದಾಗ ಅವನಿಗೆ 9 ವರ್ಷ. ಕಾರಣ ಗೊತ್ತಾಗಿದ್ದು 23ನೇ ವಯಸ್ಸಿನಲ್ಲಿ, ಒಂದು ಜೀನ್ ಟೆಸ್ಟ್‌ನಿಂದ. ನಡುವಿನ 14 ವರ್ಷ ಗ್ಯಾಸ್ ಅಂದರು, ಹುಳ ಅಂದರು, ಸ್ಕೂಲು ತಪ್ಪಿಸೋಕೆ ನಾಟಕ ಅಂದರು, ದೊಡ್ಡವನಾದ ಮೇಲೆ ಕದ್ದು ಕುಡಿಯುತ್ತಾನೆ ಅಂತಲೂ ಅಂದರು. ಅವನ ರಿಪೋರ್ಟ್ ಬಂದ ಮೇಲೆ ನಾನೂ ಟೆಸ್ಟ್ ಮಾಡಿಸಿಕೊಂಡೆ. ಅವನ ರಿಪೋರ್ಟಿನಲ್ಲಿದ್ದ ಸಾಲೇ ನನ್ನದರಲ್ಲೂ ಇತ್ತು, ಆದರೆ ನನಗೆ ಇವತ್ತಿನವರೆಗೂ ಒಂದು ಸಲವೂ ಆ ನೋವು ಬಂದಿಲ್ಲ. ಅಂದಿನಿಂದ ನೆಂಟರು, ಗೆಳೆಯರು, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ, ಟೆಸ್ಟ್, ಆಪರೇಷನ್ ಯಾವುದೇ ಇರಲಿ, ತೀರ್ಮಾನ ನಿಮ್ಮನ್ನು ನೋಡಿದ ಡಾಕ್ಟರ್ ಜೊತೆ ಕೂತೇ ಆಗಬೇಕು.

## ಬುಡದಿಂದ ಶುರು ಮಾಡೋಣ

ಪ್ಯಾಂಕ್ರಿಯಾಟೈಟಿಸ್ ಅಂದರೆ ಏನು? ಹೊಟ್ಟೆನೋವೇ ಅಲ್ವಾ?

ಜಠರದ ಹಿಂದೆ, ಬೆನ್ನಿನ ಕಡೆಗೆ, ಅಡ್ಡಡ್ಡ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ ಪ್ಯಾಂಕ್ರಿಯಾಸ್. ಕನ್ನಡದಲ್ಲಿ ಮೇದೋಜೀರಕ ಗ್ರಂಥಿ. ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಅದರ ಒಂದು ಕೆಲಸ. ಊಟ ಅರಗಿಸುವ ರಸವನ್ನು ದಿನಕ್ಕೆ ಒಂದೂವರೆ ಲೀಟರಿಗೂ ಜಾಸ್ತಿ ತಯಾರಿಸಿ ಸಣ್ಣ ಕರುಳಿಗೆ ಕಳಿಸುವುದು ಇನ್ನೊಂದು. ಆ ರಸದಲ್ಲಿರುವ ಕಿಣ್ವಗಳು ಬಹಳ ಚುರುಕು. ಅದಕ್ಕೇ ಪ್ಯಾಂಕ್ರಿಯಾಸ್ ಅವನ್ನು ನಿದ್ದೆಯಲ್ಲಿರುವ ರೂಪದಲ್ಲಿ ತಯಾರಿಸುತ್ತದೆ, ಅವು ಎಚ್ಚರವಾಗಬೇಕಾದದ್ದು ಕರುಳು ಸೇರಿದ ಮೇಲೆ. ಗ್ರಂಥಿಯ ಒಳಗೇ ಎಚ್ಚರವಾಗಿಬಿಟ್ಟರೆ ಅದು ತನ್ನನ್ನು ತಾನೇ ಅರಗಿಸಿಕೊಳ್ಳಲು ಶುರು ಮಾಡುತ್ತದೆ. ಹಾನ್ಸ್ ಕಿಯಾರಿ ಎಂಬ ವೈದ್ಯವಿಜ್ಞಾನಿ ಈ ಮಾತನ್ನು 1896ರಲ್ಲೇ ಹೇಳಿದ್ದರು.

ಒಂದು ಸಲ ಬಂದು ವಾಸಿಯಾದರೆ ಅದು ಅಕ್ಯೂಟ್. ಮತ್ತೆ ಮತ್ತೆ ಆಗಿ, ಗ್ರಂಥಿಯಲ್ಲಿ ಗಾಯದ ಕಲೆಗಳು ಗಟ್ಟಿಯಾಗಿ, ನಾಳದಲ್ಲಿ ಸುಣ್ಣದ ಕಲ್ಲು ಕಟ್ಟಿ, ಅದರ ಕೆಲಸವೇ ಕುಂದುತ್ತಾ ಹೋದರೆ ಕ್ರಾನಿಕ್. ನೋವು ಮೇಲುಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹಾಯುತ್ತದೆ. ನನ್ನ ತಮ್ಮ ಮಂಡಿಗಳನ್ನು ಎದೆಗೆ ಒತ್ತಿಕೊಂಡು, ನಡುವೆ ಒಂದು ದಿಂಬು ಇಟ್ಟು, ಮುಂದಕ್ಕೆ ಬಾಗಿ ರಾತ್ರಿಯಿಡೀ ಕೂತಿರುತ್ತಿದ್ದ. ಅಂಗಾತ ಮಲಗಿಸಲು ಹೋದರೆ ಕಿರುಚುತ್ತಿದ್ದ. ಮುಂದೆ ಬಾಗಿದರೆ ಕಡಿಮೆ, ಮಲಗಿದರೆ ಜಾಸ್ತಿ ಅನ್ನುವುದು ಈ ನೋವಿನ ಗುರುತುಗಳಲ್ಲಿ ಒಂದು ಅಂತ ನಮಗೆ ಆಗ ಯಾರೂ ಹೇಳಲಿಲ್ಲ.

ಇದು ಕುಡಿಯುವವರಿಗೆ ಬರುವ ಕಾಯಿಲೆ ಅಲ್ವಾ?

ಮದ್ಯ ಒಂದು ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದೇ ಕಾರಣ ಅಂದುಕೊಳ್ಳುವುದು ತಪ್ಪು. ವರ್ಷಗಟ್ಟಲೆ ವಿಪರೀತ ಕುಡಿಯುವವರಲ್ಲೂ ಈ ಕಾಯಿಲೆ ಬರುವುದು ನೂರಕ್ಕೆ ಐವರಿಗಿಂತ ಕಡಿಮೆ ಜನರಿಗೆ. ಅಂದರೆ ಕುಡಿತದ ಜೊತೆ ಇನ್ನೇನೋ ಸೇರಬೇಕು. ಇನ್ನೊಂದು ಕಡೆ, ಹನಿ ಮದ್ಯ ಮುಟ್ಟದವರಿಗೂ, ಸಣ್ಣ ಮಕ್ಕಳಿಗೂ ಇದು ಬರುತ್ತದೆ. ಪಿತ್ತಕೋಶದ ಕಲ್ಲು, ರಕ್ತದಲ್ಲಿ ವಿಪರೀತ ಕೊಬ್ಬು, ಕ್ಯಾಲ್ಸಿಯಂ ಜಾಸ್ತಿಯಾಗುವುದು, ಕೆಲವು ಔಷಧಿಗಳು, ನಾಳದ ಹುಟ್ಟು ದೋಷ, ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು, ಮತ್ತು ಜೀನ್‌ಗಳು ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ.

ದಯವಿಟ್ಟು ಒಂದು ಮಾತು ಕೇಳಿ. ನೋವಿನಲ್ಲಿರುವ ಹುಡುಗನನ್ನು "ನಿಜ ಹೇಳು, ಎಷ್ಟು ಕುಡಿಯುತ್ತೀಯ" ಅಂತ ಮೂರು ಸಲ ಕೇಳಿ, ಮೂರು ಸಲವೂ ಇಲ್ಲ ಅಂದ ಮೇಲೆ, ಅವನ ಅಮ್ಮನನ್ನು ಪಕ್ಕಕ್ಕೆ ಕರೆದು ಅದನ್ನೇ ಕೇಳಬೇಡಿ. ನಮ್ಮ ಅಮ್ಮ ಆ ದಿನವನ್ನು ಇನ್ನೂ ಮರೆತಿಲ್ಲ.

ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹಾಗಾದರೆ ಜೀನ್ ಕಾರಣ ಅಲ್ಲ ಅಂತಾಯ್ತಾ?

ಹಾಗೆ ಹೇಳೋಕಾಗಲ್ಲ. ತಲೆಮಾರಿನಿಂದ ತಲೆಮಾರಿಗೆ ಎದ್ದು ಕಾಣುವ ಹಾಗೆ ಬರುವುದು ಒಂದು ಬಗೆ ಮಾತ್ರ. ಎಷ್ಟೋ ಸಲ ಅಪ್ಪನಿಂದ ಒಂದು ಸಣ್ಣ ದೋಷ, ಅಮ್ಮನಿಂದ ಇನ್ನೊಂದು ಸಣ್ಣ ದೋಷ ಬಂದು ಮಗುವಿನಲ್ಲಿ ಎರಡೂ ಸೇರುತ್ತವೆ. ಅಪ್ಪ ಅಮ್ಮ ಇಬ್ಬರೂ ಪೂರ್ತಿ ಆರೋಗ್ಯವಾಗಿರುತ್ತಾರೆ. ಅಪರೂಪಕ್ಕೆ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೂ ಉಂಟು.

ಇನ್ನೊಂದು ವಿಷಯ, "ಯಾರಿಗೂ ಇಲ್ಲ" ಅನ್ನುವುದನ್ನು ಸ್ವಲ್ಪ ಕೆದಕಿ ನೋಡಿ. ನಮ್ಮ ಮನೆಯಲ್ಲೂ ಮೊದಲು ಹಾಗೇ ಹೇಳಿದ್ದೆವು. ಆಮೇಲೆ ಕೂತು ಮಾತಾಡಿದಾಗ ತಾತ "ಹೊಟ್ಟೆಶೂಲೆ"ಯಲ್ಲೇ ಹೋದರು ಅನ್ನುವುದು ಹೊರಬಂತು, ಅಮ್ಮನಿಗೆ ಹುಡುಗಿಯಾಗಿದ್ದಾಗ ಎರಡು ಮೂರು ಸಲ ನೋವು ಬಂದು ತಾನೇ ಹೋಗಿದ್ದೂ ನೆನಪಾಯ್ತು. ಹಳಬರ ಕಾಲದಲ್ಲಿ ಈ ಕಾಯಿಲೆಗೆ ಹೆಸರು ಇಟ್ಟವರು ಕಡಿಮೆ. ಹಾಗಾಗಿ ಹೆಸರು ಕೇಳಬೇಡಿ, ಲಕ್ಷಣ ಕೇಳಿ: ಪದೇ ಪದೇ ಹೊಟ್ಟೆನೋವು ಯಾರಿಗಿತ್ತು, ತೆಳ್ಳಗಿದ್ದೂ ಸಕ್ಕರೆ ಕಾಯಿಲೆ ಯಾರಿಗೆ ಬಂತು, ಪ್ಯಾಂಕ್ರಿಯಾಸ್ ಕ್ಯಾನ್ಸರ್ ಯಾರಿಗಾದರೂ ಆಗಿತ್ತಾ, ಗಂಡಸರಲ್ಲಿ ಕಾರಣ ತಿಳಿಯದೆ ಮಕ್ಕಳಾಗದವರು ಇದ್ದಾರಾ. ಕೊನೆಯದನ್ನು ಯಾಕೆ ಕೇಳಬೇಕು ಅನ್ನುವುದು ಸಿಎಫ್‌ಟಿಆರ್ ಎಂಬ ಜೀನಿನ ಬಗ್ಗೆ ಹೇಳುವಾಗ ಬರುತ್ತದೆ.

ಜೀನ್ ಇದ್ದರೆ ಕಾಯಿಲೆ ಬಂದೇ ಬರುತ್ತಾ?

ಬರಲೇಬೇಕು ಅಂತಿಲ್ಲ. ಅತಿ ಬಲವಾದ ಪಿಆರ್‌ಎಸ್‌ಎಸ್1 ಎಂಬ ಜೀನಿನ ದೋಷ ಇದ್ದವರಲ್ಲೂ ಸುಮಾರು 80% ಜನರಿಗೆ ಕಾಯಿಲೆ ಬರುತ್ತದೆ, ಉಳಿದ 20% ಜನರಿಗೆ ಬರುವುದಿಲ್ಲ. ನಾನು ಆ 20ರಲ್ಲಿ ಇದ್ದೇನೆ. ಉಳಿದ ಜೀನ್‌ಗಳ ದೋಷಗಳು ಇನ್ನೂ ಮೆದು, ಅವು ಇದ್ದವರಲ್ಲಿ ಬಹಳಷ್ಟು ಜನ ಒಂದು ದಿನವೂ ನರಳದೆ ಬದುಕು ಮುಗಿಸುತ್ತಾರೆ. ಜೀನ್ ಅನ್ನುವುದು ಅಪಾಯದ ಮಟ್ಟವನ್ನು ಏರಿಸುತ್ತದೆ, ಅದರ ಮೇಲೆ ಬೀಡಿ ಸಿಗರೇಟು, ಮದ್ಯ, ಇನ್ನೊಂದು ಜೀನ್ ಇವೆಲ್ಲ ಸೇರುತ್ತಾ ಹೋಗುತ್ತವೆ.

## ಯಾವ ಜೀನ್ ಏನು ಮಾಡುತ್ತದೆ

ಪಿಆರ್‌ಎಸ್‌ಎಸ್1 ಅಂತ ರಿಪೋರ್ಟಿನಲ್ಲಿ ಬಂದಿದೆ. ಏನದು?

ಎಲ್ಲಕ್ಕಿಂತ ಹೆಚ್ಚು ತಿಳಿದಿರುವುದು ಇದರ ಬಗ್ಗೆಯೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಇದು 7ನೇ ಕ್ರೋಮೋಸೋಮಿನಲ್ಲಿದೆ. ಟ್ರಿಪ್ಸಿನೋಜೆನ್ ಎಂಬ ಪ್ರೋಟೀನನ್ನು ತಯಾರಿಸುವ ಜೀನ್. ಟ್ರಿಪ್ಸಿನೋಜೆನ್ ನಿದ್ದೆಯಲ್ಲಿರುವ ರೂಪ, ಎಚ್ಚರವಾದರೆ ಅದು ಟ್ರಿಪ್ಸಿನ್. ಟ್ರಿಪ್ಸಿನ್ ಎದ್ದರೆ ಉಳಿದ ಕಿಣ್ವಗಳನ್ನೂ ಎಬ್ಬಿಸುತ್ತದೆ, ಹಾಗಾಗಿ ಇಡೀ ಗುಂಪಿನ ಯಜಮಾನ ಅದೇ.

ಗ್ರಂಥಿಯೊಳಗೆ ಅಲ್ಪಸ್ವಲ್ಪ ಟ್ರಿಪ್ಸಿನ್ ಆಗಾಗ ಅಕಸ್ಮಾತ್ತಾಗಿ ಏಳುತ್ತಲೇ ಇರುತ್ತದೆ. ಅದಕ್ಕೆ ದೇಹ ಒಂದು ಉಪಾಯ ಮಾಡಿಕೊಂಡಿದೆ: ಆ ಪ್ರೋಟೀನಿನ 122ನೇ ಜಾಗದಲ್ಲಿ ಅರ್ಜಿನೈನ್ ಎಂಬ ಅಮೈನೋ ಆಮ್ಲ ಇದೆ, ಅಲ್ಲಿ ಕತ್ತರಿಸಿದರೆ ಟ್ರಿಪ್ಸಿನ್ ಕೆಟ್ಟುಹೋಗುತ್ತದೆ. ಅಲ್ಲಿ ಅರ್ಜಿನೈನ್ ಬದಲು ಹಿಸ್ಟಿಡೀನ್ ಬಂದು ಕೂತರೆ ಕತ್ತರಿ ಹಾಕುವ ಜಾಗವೇ ಇಲ್ಲದಂತಾಗುತ್ತದೆ. ಇದೇ ಆರ್122ಎಚ್. 1996ರಲ್ಲಿ ಪತ್ತೆಯಾದದ್ದು, ಈ ಕಾಯಿಲೆಗೆ ಸಿಕ್ಕಿದ ಮೊದಲ ಜೀನ್ ದೋಷ. ಮನೆತನದಲ್ಲಿ ಹರಿದು ಬರುವ ಪ್ಯಾಂಕ್ರಿಯಾಟೈಟಿಸ್ ಬಗ್ಗೆ ವೈದ್ಯರು ಮೊದಲು ಬರೆದದ್ದು 1952ರಲ್ಲಿ, ಅಂದರೆ ಕಾರಣ ಸಿಗಲು 44 ವರ್ಷ ಹಿಡಿಯಿತು. ಮರುವರ್ಷವೇ, 1997ರಲ್ಲಿ, ಎನ್29ಐ ಎಂಬ ಎರಡನೆಯದು ಸಿಕ್ಕಿತು.

ನಮ್ಮಿಬ್ಬರ ರಿಪೋರ್ಟಿನಲ್ಲಿ ಇದ್ದದ್ದು "ಸಿ.365ಜಿ>ಎ" ಅಂತ. ಬಿಡಿಸಿ ಹೇಳಿದರೆ, ಆ ಜೀನ್ ಓಲೆಯ 365ನೇ ಅಕ್ಷರ ಜಿ ಇರಬೇಕಿತ್ತು, ಎ ಆಗಿದೆ. ಅಷ್ಟೇ. ಒಂದೇ ಅಕ್ಷರ. ತಮ್ಮ ಆ ಕಾಗದವನ್ನು ಕೈಯಲ್ಲಿ ಹಿಡಿದು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ "ಅಂದರೆ ನಾನು ಸುಳ್ಳು ಹೇಳ್ತಾ ಇರಲಿಲ್ಲ ಅಂತ ಇದರಲ್ಲಿ ಬರೆದಿದೆ" ಅಂದ.

ಈ ಬಗೆಯ ದೋಷ ಒಬ್ಬರಿಂದ ಬಂದರೂ ಸಾಕು. ಲಕ್ಷಣಗಳು ಸಾಮಾನ್ಯವಾಗಿ 10 ವರ್ಷದ ಆಸುಪಾಸಿನಲ್ಲೇ ಶುರುವಾಗುತ್ತವೆ.

ಸ್ಪಿಂಕ್1 ದೋಷ ಇದೆ ಅಂದರು. ಹೆದರಬೇಕಾ?

ಸ್ಪಿಂಕ್1 ಟ್ರಿಪ್ಸಿನ್‌ಗೆ ಬೀಗ ಹಾಕುವ ಪ್ರೋಟೀನ್ ತಯಾರಿಸುತ್ತದೆ. ಗ್ರಂಥಿಯೊಳಗೆ ಟ್ರಿಪ್ಸಿನ್ ಎದ್ದರೆ ಇದು ಹೋಗಿ ಹಿಡಿದುಕೊಳ್ಳುತ್ತದೆ. ಇದರಲ್ಲಿ ಎನ್34ಎಸ್ ಎಂಬ ಬದಲಾವಣೆ ತುಂಬ ಸಾಮಾನ್ಯ. ಜಗತ್ತಿನಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಇರುತ್ತದೆ. ಅವರಲ್ಲಿ ನೂರಕ್ಕೆ 99 ಜನರಿಗೆ ಪ್ಯಾಂಕ್ರಿಯಾಟೈಟಿಸ್ ಬರುವುದೇ ಇಲ್ಲ. ಆದರೆ ಕಾರಣ ಗೊತ್ತಿಲ್ಲದ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಇರುವವರನ್ನು ಪರೀಕ್ಷೆ ಮಾಡಿದರೆ ಅವರಲ್ಲಿ ಇದು ಹಲವು ಪಟ್ಟು ಜಾಸ್ತಿ ಕಾಣುತ್ತದೆ. ಉಷ್ಣವಲಯದ ದೇಶಗಳಲ್ಲಿ ಎಳೆಯ ವಯಸ್ಸಿನಲ್ಲೇ ದೊಡ್ಡ ಕಲ್ಲುಗಳು ಮತ್ತು ಸಕ್ಕರೆ ಕಾಯಿಲೆಯೊಂದಿಗೆ ಬರುವ ಬಗೆಯಲ್ಲೂ ಇದೇ ಎನ್34ಎಸ್ ಮುಖ್ಯವಾಗಿ ಸಿಗುತ್ತದೆ.

ಅದಕ್ಕೆ ಇದನ್ನು ಕಾಯಿಲೆ ತರುವ ಜೀನ್ ಅನ್ನುವುದಕ್ಕಿಂತ, ಬೇರೆ ಕಾರಣ ಸೇರಿದಾಗ ಕಾಯಿಲೆಯನ್ನು ಜೋರು ಮಾಡುವ ಜೀನ್ ಅನ್ನುವುದು ಸರಿ. ನೋವಿಲ್ಲದೆ ಆರಾಮಾಗಿರುವವರ ರಿಪೋರ್ಟಿನಲ್ಲಿ ಇದೊಂದೇ ಬಂದಿದ್ದರೆ ನಿದ್ದೆಗೆಡುವ ಅಗತ್ಯ ಇಲ್ಲ.

ಸಿಎಫ್‌ಟಿಆರ್ ಶ್ವಾಸಕೋಶದ ಕಾಯಿಲೆಯ ಜೀನ್ ಅಲ್ವಾ? ಇಲ್ಲಿಗೆ ಹೇಗೆ ಬಂತು?

ಹೌದು, ಸಿಸ್ಟಿಕ್ ಫೈಬ್ರೋಸಿಸ್ ತರುವ ಜೀನ್ ಇದೇ, 1989ರಲ್ಲಿ ಪತ್ತೆಯಾದದ್ದು. ಜೀವಕೋಶದ ಗೋಡೆಯಲ್ಲಿ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಹಾಯುವ ಬಾಗಿಲನ್ನು ಇದು ಕಟ್ಟುತ್ತದೆ. ಪ್ಯಾಂಕ್ರಿಯಾಸ್ ನಾಳದಲ್ಲಿ ಆ ಬಾಗಿಲು ಸರಿಯಾಗಿ ತೆರೆಯದಿದ್ದರೆ ರಸ ತೆಳ್ಳಗೆ ಹರಿಯುವುದಿಲ್ಲ, ಮಂದವಾಗಿ ನಿಲ್ಲುತ್ತದೆ. ಕಿಣ್ವಗಳು ಹೊರಗೆ ಹೋಗುವ ಬದಲು ಒಳಗೇ ಉಳಿಯುತ್ತವೆ.

ನಮ್ಮಲ್ಲಿ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎರಡೂ ಪ್ರತಿಗಳಲ್ಲಿ ತೀವ್ರ ದೋಷ ಇದ್ದರೆ ಸಿಸ್ಟಿಕ್ ಫೈಬ್ರೋಸಿಸ್. ಒಂದು ತೀವ್ರ, ಒಂದು ಮೆದು ದೋಷ ಇದ್ದರೆ ಶ್ವಾಸಕೋಶ ಚೆನ್ನಾಗಿದ್ದೂ ಪ್ಯಾಂಕ್ರಿಯಾಟೈಟಿಸ್ ಬರಬಹುದು, ಸೈನಸ್ ತೊಂದರೆ ಬರಬಹುದು, ಗಂಡಸರಲ್ಲಿ ವೀರ್ಯನಾಳವೇ ಬೆಳೆಯದೆ ಮಕ್ಕಳಾಗದಿರಬಹುದು. ಆ ಪ್ರಶ್ನೆ ಕೇಳಿ ಅಂದದ್ದು ಇದಕ್ಕೇ. ಪ್ಯಾಂಕ್ರಿಯಾಟೈಟಿಸ್ ಜೊತೆಗಿನ ಈ ಸಂಬಂಧ ತಿಳಿದದ್ದು 1998ರಲ್ಲಿ. ಒಂದೇ ಪ್ರತಿಯಲ್ಲಿ ದೋಷ ಇರುವವರಿಗೂ ಅಪಾಯ ಸುಮಾರು 3-4 ಪಟ್ಟು ಏರುತ್ತದೆ, ಆದರೆ ಮೂಲ ಅಪಾಯವೇ ತೀರ ಚಿಕ್ಕದಾದ್ದರಿಂದ ಅವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಅನುಮಾನ ಇದ್ದಾಗ ಬೆವರಿನಲ್ಲಿ ಉಪ್ಪಿನ ಅಂಶ ಅಳೆಯುವ ಸರಳ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಬೇರೆ ಜೀನ್‌ಗಳೂ ಇವೆಯಾ?

ಇವೆ. ಸಿಟಿಆರ್‌ಸಿ, 2008ರಲ್ಲಿ ಗೊತ್ತಾದದ್ದು. ಎಚ್ಚರವಾಗಬಾರದ ಹೊತ್ತಿನಲ್ಲಿ ಟ್ರಿಪ್ಸಿನೋಜೆನ್ ಅನ್ನು ಒಡೆದು ಹಾಕುವ ಕೆಲಸ ಅದರದ್ದು. ಸಿಪಿಎ1 (2013) ಮತ್ತು ಸಿಇಎಲ್ ದಾರಿ ಬೇರೆ. ಅಲ್ಲಿ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಜೀವಕೋಶದೊಳಗೇ ರಾಶಿ ಬಿದ್ದು ಅದನ್ನು ಹಣ್ಣು ಮಾಡುತ್ತದೆ. ಸಿಪಿಎ1 ಹೆಚ್ಚಾಗಿ ಸಣ್ಣ ಮಕ್ಕಳಲ್ಲಿ ಸಿಗುತ್ತದೆ. ಟಿಆರ್‌ಪಿವಿ6, 2020ರಲ್ಲಿ ಸೇರಿದ್ದು, ಕ್ಯಾಲ್ಸಿಯಂ ಹಾಯುವ ದಾರಿಗೆ ಸಂಬಂಧಪಟ್ಟದ್ದು.

ಕಾಪಾಡುವ ಜೀನ್ ಬದಲಾವಣೆ ಅಂತ ಏನಾದರೂ ಇದೆಯಾ?

ಇದೆ, ಮತ್ತು ನನಗೆ ಈ ವಿಷಯ ಬಹಳ ಇಷ್ಟ. ಪಿಆರ್‌ಎಸ್‌ಎಸ್2 ಎಂಬ ಅಕ್ಕಪಕ್ಕದ ಜೀನಿನಲ್ಲಿ ಜಿ191ಆರ್ ಎಂಬ ಬದಲಾವಣೆ 2006ರಲ್ಲಿ ಸಿಕ್ಕಿತು. ಅದು ಇದ್ದರೆ ಟ್ರಿಪ್ಸಿನ್‌ನಲ್ಲಿ ಕತ್ತರಿ ಹಾಕುವ ಹೊಸ ಜಾಗವೊಂದು ಹುಟ್ಟುತ್ತದೆ, ಎದ್ದ ಟ್ರಿಪ್ಸಿನ್ ಬೇಗ ಕೆಟ್ಟುಹೋಗುತ್ತದೆ. ಆರ್122ಎಚ್‌ಗೆ ಸರಿಯಾಗಿ ಉಲ್ಟಾ. ಟ್ರಿಪ್ಸಿನ್ ಅನ್ನು ಹತೋಟಿಯಲ್ಲಿಡುವುದೇ ಈ ಕಾಯಿಲೆಯ ಗುಟ್ಟು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಕುಡಿತದಿಂದ ಬಂದದ್ದು ಅಂತ ಖಚಿತ ಆಗಿದೆ. ಅಲ್ಲಿಗೆ ಜೀನ್ ಮಾತು ಮುಗೀತಲ್ವಾ?

ಇಲ್ಲ. 2012ರಲ್ಲಿ ಕ್ಲಾಡಿನ್2 ಎಂಬ ಜೀನಿನ ಹತ್ತಿರದ ಬದಲಾವಣೆಯೊಂದು ಮದ್ಯದಿಂದ ಬರುವ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿದೆ ಅಂತ ತಿಳಿಯಿತು. ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡು, ಒಂದು ಕೆಟ್ಟರೆ ಇನ್ನೊಂದು ಸರಿದೂಗಿಸುತ್ತದೆ. ಗಂಡಸರಿಗೆ ಇರುವುದೇ ಒಂದು. ಗಂಡಸರಲ್ಲಿ ಈ ಕಾಯಿಲೆ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ಸಂಶೋಧಕರು ಹೇಳುತ್ತಾರೆ. ಇಬ್ಬರು ಗೆಳೆಯರು ಒಂದೇ ಸಮ ಕುಡಿದರೂ ಒಬ್ಬನಿಗೆ ಮಾತ್ರ ಬರುತ್ತದಲ್ಲ, ಅದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಹಾಗಾಗಿ ಕುಡಿದು ಕಾಯಿಲೆ ಬಂದವರನ್ನೂ ಹೀಯಾಳಿಸಬೇಡಿ, ಬಿಡಲು ಸಹಾಯ ಮಾಡಿ.

ಟ್ರೈಗ್ಲಿಸರೈಡ್ ಜಾಸ್ತಿ ಇದ್ದರೂ ಬರುತ್ತಂತೆ, ಅದೂ ವಂಶದಿಂದಲೇ?

ಕೆಲವರಲ್ಲಿ ಹೌದು. ಟ್ರೈಗ್ಲಿಸರೈಡ್ 1000 ಮಿಲಿಗ್ರಾಂ ದಾಟಿದರೆ (ಒಂದು ಡೆಸಿಲೀಟರ್ ರಕ್ತಕ್ಕೆ) ಪ್ಯಾಂಕ್ರಿಯಾಟೈಟಿಸ್ ಅಪಾಯ ಚೆನ್ನಾಗಿಯೇ ಏರುತ್ತದೆ. ಎಲ್‌ಪಿಎಲ್ ಎಂಬ ಜೀನ್ ಎರಡೂ ಪ್ರತಿಗಳಲ್ಲಿ ಕೆಟ್ಟಿದ್ದರೆ ರಕ್ತದಲ್ಲಿನ ಕೊಬ್ಬು ಕರಗುವುದೇ ಇಲ್ಲ, ತೆಗೆದ ರಕ್ತವನ್ನು ಸ್ವಲ್ಪ ಹೊತ್ತು ಇಟ್ಟರೆ ಮೇಲೆ ಹಾಲಿನ ಹಾಗೆ ಬೆಳ್ಳಗೆ ನಿಲ್ಲುತ್ತದೆ. ಇದು ಬಲು ಅಪರೂಪ. ಇದಕ್ಕೆ ಓಲೆಜಾರ್ಸೆನ್ ಎಂಬ ಇಂಜೆಕ್ಷನ್‌ಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

## ಟೆಸ್ಟ್ ಬಗ್ಗೆ

ಯಾರು ಜೀನ್ ಟೆಸ್ಟ್ ಮಾಡಿಸಬೇಕು?

ಮಗುವಿಗೆ ಪ್ಯಾಂಕ್ರಿಯಾಟೈಟಿಸ್ ಬಂದಿದ್ದು ಕಾರಣ ಸಿಗದಿದ್ದರೆ. ಎಳೆಯ ವಯಸ್ಸಿನಲ್ಲಿ ಕ್ರಾನಿಕ್ ಆಗಿದ್ದರೆ. ಪಿತ್ತದ ಕಲ್ಲು, ಮದ್ಯ, ಟ್ರೈಗ್ಲಿಸರೈಡ್, ಕ್ಯಾಲ್ಸಿಯಂ ಎಲ್ಲ ನೋಡಿ ಏನೂ ಸಿಗದೆ ಪದೇ ಪದೇ ಬರುತ್ತಿದ್ದರೆ. ಹತ್ತಿರದ ರಕ್ತಸಂಬಂಧಿಗೆ ಇದ್ದರೆ. ಮೊದಲು ಆ ಸಾದಾ ಕಾರಣಗಳನ್ನು ನೋಡಿಯೇ ಜೀನ್ ಕಡೆ ಬರಬೇಕು, ಪಿತ್ತಕೋಶದಲ್ಲಿ ಕಲ್ಲು ಇಟ್ಟುಕೊಂಡು ಜೀನ್ ಹುಡುಕುತ್ತಾ ಕೂರಬಾರದು.

ಟೆಸ್ಟ್ ಹೇಗೆ ಮಾಡುತ್ತಾರೆ? ನೋವಾಗುತ್ತಾ?

ತೋಳಿನಿಂದ ಸ್ವಲ್ಪ ರಕ್ತ, ಇಲ್ಲವಾದರೆ ಎಂಜಲು. ಊಟ ಬಿಟ್ಟು ಹೋಗಬೇಕಾಗಿಲ್ಲ. ರಿಪೋರ್ಟ್ ಬರಲು ಕೆಲವು ವಾರ ಬೇಕು. ಒಂದೇ ಜೀನ್ ನೋಡುವ ಬದಲು ಹಲವು ಜೀನ್‌ಗಳ ಪ್ಯಾನೆಲ್ ಮಾಡಿಸುವುದು ಒಳ್ಳೆಯದು, ಯಾಕೆಂದರೆ ಮೇಲೆ ಹೇಳಿದಂತೆ ಎರಡು ಮೂರು ದೋಷಗಳು ಸೇರಿ ಕಾಯಿಲೆ ತರುವುದು ಸಾಮಾನ್ಯ. ಪೂರ್ವಜರು ಎಲ್ಲಿಯವರು ಅಂತ ಹೇಳುವ, ಮನೆಗೆ ತರಿಸಿಕೊಳ್ಳುವ ಕಿಟ್‌ಗಳನ್ನು ಇದಕ್ಕೆ ನಂಬಬೇಡಿ. ಅವು ಈ ಜೀನ್‌ಗಳನ್ನು ಪೂರ್ತಿಯಾಗಿ ಓದುವುದಿಲ್ಲ.

ಮಾಡಿಸುವ ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಅರ್ಧ ಗಂಟೆ ಮಾತಾಡಿ. ಫಲಿತಾಂಶ ನಿಮ್ಮೊಬ್ಬರದ್ದಲ್ಲ, ಅಣ್ಣತಮ್ಮ ಅಕ್ಕತಂಗಿ ಮಕ್ಕಳದ್ದೂ ಹೌದು. ವಿಮೆ ವಿಷಯವನ್ನೂ ಮೊದಲೇ ಕೇಳಿಕೊಳ್ಳಿ, ಒಂದೊಂದು ದೇಶದಲ್ಲಿ ಒಂದೊಂದು ಕಾನೂನು.

ರಿಪೋರ್ಟಿನಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಅಂತ ಬಂದಿದೆ. ಇದೆಯೋ ಇಲ್ಲವೋ?

ಡಾಕ್ಟರುಗಳು ಇದನ್ನು ವಿಯುಎಸ್ ಅನ್ನುತ್ತಾರೆ. ಬದಲಾವಣೆ ಇರುವುದು ನಿಜ, ಅದರಿಂದ ತೊಂದರೆ ಇದೆ ಅನ್ನೋಕೆ ಸಾಕಷ್ಟು ಪುರಾವೆ ಇನ್ನೂ ಸೇರಿಲ್ಲ. ನಮ್ಮೆಲ್ಲರ ಜೀನ್‌ಗಳಲ್ಲೂ ಇಂಥವು ಬೇಕಾದಷ್ಟು ಇರುತ್ತವೆ. ಇದೊಂದನ್ನೇ ನೋಡಿ ಆಪರೇಷನ್‌ನಂಥ ದೊಡ್ಡ ತೀರ್ಮಾನ ಮಾಡಬಾರದು, ಮನೆಯವರನ್ನೆಲ್ಲ ಟೆಸ್ಟಿಗೆ ಓಡಿಸಲೂಬಾರದು. ರಿಪೋರ್ಟನ್ನು ಜೋಪಾನವಾಗಿಡಿ. ಎರಡು ಮೂರು ವರ್ಷಕ್ಕೊಮ್ಮೆ ಲ್ಯಾಬ್‌ಗೆ ಕೇಳಿ, ವರ್ಗ ಬದಲಾಗಿರಬಹುದು. ಸಿಎಫ್‌ಟಿಆರ್ ಒಂದರಲ್ಲೇ 2000ಕ್ಕೂ ಜಾಸ್ತಿ ಬದಲಾವಣೆಗಳು ದಾಖಲಾಗಿವೆ.

ಟೆಸ್ಟ್ ನೆಗೆಟಿವ್ ಬಂತು. ಜೀನ್ ತೊಂದರೆ ಇಲ್ಲ ಅಂತ ಗಟ್ಟಿ ಮಾಡಿಕೊಳ್ಳಬಹುದಾ?

ಆ ಪ್ಯಾನೆಲ್‌ನಲ್ಲಿ ಹುಡುಕಿದ್ದು ಸಿಗಲಿಲ್ಲ ಅಂತ ಮಾತ್ರ ಅರ್ಥ. ಕೆಲವು ಕುಟುಂಬಗಳಲ್ಲಿ ಪಿಆರ್‌ಎಸ್‌ಎಸ್1ರ ಅಕ್ಷರ ಒಂದೂ ತಪ್ಪಿರುವುದಿಲ್ಲ, ಆದರೆ ಇಡೀ ಜೀನ್‌ನ ಪ್ರತಿಗಳೇ ಜಾಸ್ತಿ ಇರುತ್ತವೆ, ಟ್ರಿಪ್ಸಿನೋಜೆನ್ ಬೇಕಾದ್ದಕ್ಕಿಂತ ಹೆಚ್ಚು ತಯಾರಾಗುತ್ತದೆ. ಅಕ್ಷರ ಓದುವ ಸಾಮಾನ್ಯ ವಿಧಾನದಲ್ಲಿ ಇದು ತಪ್ಪಿಹೋಗಬಹುದು, ಪ್ರತಿಗಳನ್ನು ಎಣಿಸುವ ಬೇರೆ ವಿಧಾನ ಬೇಕು. ಸಿಇಎಲ್ ಜೀನ್‌ಗೆ ಪಕ್ಕದಲ್ಲೇ ಅದನ್ನೇ ಹೋಲುವ ಕೆಲಸಕ್ಕೆ ಬಾರದ ಜೀನ್ ಒಂದಿದೆ, ಓದುವಾಗ ಎರಡೂ ಕಲಸಿಹೋಗುತ್ತವೆ. ಮೂರು ತಲೆಮಾರಿನಲ್ಲಿ ಕಾಯಿಲೆ ಕಾಣುತ್ತಿದ್ದೂ ರಿಪೋರ್ಟ್ ನೆಗೆಟಿವ್ ಬಂದರೆ ಈ ಎರಡನ್ನು ನೋಡಿದ್ದೀರಾ ಅಂತ ನೇರವಾಗಿ ಕೇಳಿ.

ನನಗೆ ಇದೆ. ಆರೋಗ್ಯವಾಗಿರುವ ನನ್ನ ಮಗುವಿಗೂ ಈಗಲೇ ಟೆಸ್ಟ್ ಮಾಡಿಸಲಾ?

ಪಿಆರ್‌ಎಸ್‌ಎಸ್1 ಆದರೆ ಮಗುವಿಗೆ ದೋಷ ಹೋಗುವ ಸಾಧ್ಯತೆ 50%. ಹೋದವರಲ್ಲಿ 80% ಜನರಿಗೆ ಕಾಯಿಲೆ. ಗುಣಿಸಿದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಸುಮಾರು 40%.

ಮಗುವಿಗೆ ನೋವು ಇದ್ದರೆ ತಡ ಮಾಡದೆ ಮಾಡಿಸಿ. ನೋವಿಲ್ಲದ ಮಗುವಾದರೆ, ಅದು ಬೆಳೆದು ತಾನೇ ತೀರ್ಮಾನ ಮಾಡುವ ವಯಸ್ಸಿಗೆ ಬರುವವರೆಗೂ ಕಾಯಿರಿ ಅನ್ನುವುದು ಹೆಚ್ಚಿನ ತಜ್ಞರ ಸಲಹೆ, ಯಾಕೆಂದರೆ ಕಾಯಿಲೆ ಬರದಂತೆ ತಡೆಯುವ ಔಷಧಿ ಈಗ ಇಲ್ಲ. ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಮನೆತನದಲ್ಲಿ ಇದೆ ಅನ್ನುವ ಒಂದು ಚೀಟಿ ಮಗುವಿನ ವೈದ್ಯಕೀಯ ಫೈಲಿನಲ್ಲಿ ಇರಲಿ. ನೋವು ಬಂದ ಮೊದಲ ದಿನವೇ ಲೈಪೇಸ್ (ಕೊಬ್ಬು ಅರಗಿಸುವ ಕಿಣ್ವ) ರಕ್ತಪರೀಕ್ಷೆ ಮಾಡುತ್ತಾರೆ, 14 ವರ್ಷ ಕಾಯಬೇಕಾಗುವುದಿಲ್ಲ.

## ಗೊತ್ತಾದ ಮೇಲೆ

ಜೀನ್ ಬದಲಾಯಿಸೋಕಾಗಲ್ಲ. ಗೊತ್ತಾಗಿ ಏನು ಉಪಯೋಗ?

ಬಹಳ ಇದೆ. ಮೊದಲನೆಯದು, ಕಾರಣ ಹುಡುಕುತ್ತಾ ಮತ್ತೆ ಮತ್ತೆ ಮಾಡುವ ಎಂಡೋಸ್ಕೋಪಿ, ಸ್ಕ್ಯಾನ್‌ಗಳು ಕಡಿಮೆಯಾಗುತ್ತವೆ. ಎರಡನೆಯದು ತಂಬಾಕು. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬೀಡಿ, ಸಿಗರೇಟು ಮುಟ್ಟಬೇಡಿ. ಮದ್ಯ ಇಲ್ಲದೆಯೂ ಸಿಗರೇಟೊಂದೇ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್‌ಗೆ ಕಾರಣವಾಗಬಲ್ಲದು, ಇದ್ದ ಕಾಯಿಲೆಯನ್ನು ಬೇಗ ಬಲಿಯುವಂತೆ ಮಾಡುತ್ತದೆ. ಮನೆತನದ ಪ್ಯಾಂಕ್ರಿಯಾಟೈಟಿಸ್ ಇರುವವರು ಸೇದಿದರೆ ಕ್ಯಾನ್ಸರ್ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಅದೂ ಸೇದದವರಿಗಿಂತ ಸುಮಾರು 20 ವರ್ಷ ಮೊದಲೇ ಬರುತ್ತದೆ. ಮದ್ಯವನ್ನು "ಸ್ವಲ್ಪ ಪರವಾಗಿಲ್ಲ" ಅನ್ನದೆ ಪೂರ್ತಿ ಬಿಡಿ. ನೀರು ಚೆನ್ನಾಗಿ ಕುಡಿಯಿರಿ, ಒಂದೇ ಸಲ ಭಾರಿ ಊಟ ಮಾಡುವ ಬದಲು ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ತಿನ್ನಿ.

ಮೂರನೆಯದು ನಿರಾಳ. ನಮ್ಮ ಮನೆಯಲ್ಲಿ ಅನುಮಾನದ ಮಾತು ನಿಂತಿತು. ಅದೇ ದೊಡ್ಡ ಔಷಧಿಯಾಯ್ತು.

ತೂಕ ಇಳಿಯುತ್ತಿದೆ, ಮಲ ಜಿಡ್ಡಾಗಿ ತೇಲುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಇದೆ, ಇದನ್ನು ಹೇಳಿಕೊಳ್ಳಲು ನಾಚಿಕೆ ಪಡಬೇಡಿ. ಗ್ರಂಥಿ ಸಾಕಷ್ಟು ಲೈಪೇಸ್ ತಯಾರಿಸದಿದ್ದರೆ ಕೊಬ್ಬು ಅರಗದೆ ಹೊರಗೆ ಹೋಗುತ್ತದೆ. ಮಲದಲ್ಲಿ ಎಲಾಸ್ಟೇಸ್ ಎಂಬ ಪ್ಯಾಂಕ್ರಿಯಾಸ್ ಕಿಣ್ವವನ್ನು ಅಳೆದು ನೋಡುತ್ತಾರೆ, ಒಂದು ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆಯ ಸೂಚನೆ. ಚಿಕಿತ್ಸೆ ಕಿಣ್ವದ ಕ್ಯಾಪ್ಸೂಲ್. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಮುಖ್ಯ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್‌ನಿಂದ ಶುರು ಮಾಡುತ್ತಾರೆ. ಬಹಳ ಜನ ತಪ್ಪು ಮಾಡುವುದು ಇಲ್ಲಿ: ಊಟ ಮುಗಿಸಿ ಅರ್ಧ ಗಂಟೆಗೆ ನುಂಗುತ್ತಾರೆ. ಅದು ಅನ್ನದ ಜೊತೆ ಬೆರೆಯಬೇಕು, ಅಂದರೆ ಮೊದಲ ತುತ್ತಿನ ಜೊತೆ ಮತ್ತು ಊಟದ ನಡುವೆ. ನನ್ನ ತಮ್ಮ ಇದೊಂದನ್ನು ಸರಿಮಾಡಿಕೊಂಡ ಮೇಲೆ ತೂಕ ಇಳಿಯುವುದು ನಿಂತಿತು. ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುವುದರಿಂದ ಅವನ್ನು ಮತ್ತು ಮೂಳೆಯ ಗಟ್ಟಿತನವನ್ನು ಆಗಾಗ ನೋಡಿಸಬೇಕು.

ಸಕ್ಕರೆ ಕಾಯಿಲೆ ಬರುತ್ತಾ?

ವರ್ಷಗಳು ಕಳೆದಂತೆ ಬಹಳ ಜನರಿಗೆ ಬರುತ್ತದೆ. ಇದನ್ನು ಟೈಪ್ 3ಸಿ ಅನ್ನುತ್ತಾರೆ. ಇದರಲ್ಲಿ ಇನ್ಸುಲಿನ್ ಜೊತೆ, ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಕೂಡ ಕಡಿಮೆಯಾಗುತ್ತದೆ. ಹಾಗಾಗಿ ಇನ್ಸುಲಿನ್ ತಗೊಳ್ಳುವವರಿಗೆ ಸಕ್ಕರೆ ದಿಢೀರನೆ ಬೀಳುವ ಭಯ ಜಾಸ್ತಿ. ಟೈಪ್ 2 ಅಂತ ತಪ್ಪಾಗಿ ಬರೆಯುವುದು ಸಾಮಾನ್ಯ, ನಿಮ್ಮ ಪ್ಯಾಂಕ್ರಿಯಾಸ್ ಇತಿಹಾಸವನ್ನು ಸಕ್ಕರೆ ಡಾಕ್ಟರ್‌ಗೆ ತಪ್ಪದೆ ಹೇಳಿ. ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ.

ಕ್ಯಾನ್ಸರ್ ಅಪಾಯ ಎಷ್ಟು? ಓದಿದಾಗ ಕೈಕಾಲು ನಡುಗಿತು.

ನೀವು ಓದಿರುವುದು ಬಹುಶಃ 40% ಅನ್ನುವ ಅಂಕಿ. ಅದು 1997ರ ಒಂದು ಅಂತರರಾಷ್ಟ್ರೀಯ ಅಧ್ಯಯನದ್ದು, ಮನೆತನದ ಪ್ಯಾಂಕ್ರಿಯಾಟೈಟಿಸ್ ಇರುವವರಲ್ಲಿ 70 ವಯಸ್ಸಿನ ಹೊತ್ತಿಗೆ ಎಷ್ಟು ಅನ್ನುವ ಅಂದಾಜು. 2018ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ 70 ವಯಸ್ಸಿಗೆ ಅದು ಸುಮಾರು 7%. ಜನರ ಗುಂಪು ಬೇರೆ, ಸಿಗರೇಟು ಸೇದುವ ಪ್ರಮಾಣ ಬೇರೆ, ಹಾಗಾಗಿ ಅಂಕಿ ಬೇರೆ. ಸಾಮಾನ್ಯ ಜನರಿಗಿಂತ ಅಪಾಯ ಜಾಸ್ತಿ ಅನ್ನುವುದರಲ್ಲಿ ಮಾತ್ರ ಎಲ್ಲರೂ ಒಪ್ಪುತ್ತಾರೆ. ಪಿಆರ್‌ಎಸ್‌ಎಸ್1 ದೋಷ ಇದ್ದು ಕಾಯಿಲೆಯೂ ಬಂದವರಿಗೆ 40 ವಯಸ್ಸಿನಿಂದ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಮೂಲಕ ನಿಗಾ ಇಡಬೇಕು ಅನ್ನುವುದು ತಜ್ಞರ ಸಲಹೆ. ಸುಣ್ಣದ ಕಲ್ಲುಗಳು ಕಣ್ಣಿಗೆ ಅಡ್ಡ ಬರುವುದರಿಂದ ಎಂಡೋಸ್ಕೋಪಿ ಅಲ್ಟ್ರಾಸೌಂಡ್ ಇವರಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಸ್ಪಿಂಕ್1 ಮಾತ್ರ ಇರುವ, ಕಾಯಿಲೆ ಇಲ್ಲದವರು ಈ ಅಂಕಿಗಳನ್ನು ತಮ್ಮದೆಂದು ಓದಿಕೊಳ್ಳಬಾರದು.

ಪ್ಯಾಂಕ್ರಿಯಾಸ್ ಪೂರ್ತಿ ತೆಗೆದುಬಿಡುವ ಆಪರೇಷನ್ ಇದೆಯಂತೆ, ಅದಾದ ಮೇಲೆ ಬದುಕೋಕಾಗುತ್ತಾ?

ಆಗುತ್ತದೆ. ಟಿಪಿಐಎಟಿ ಅಂತಾರೆ. ಗ್ರಂಥಿಯನ್ನು ಪೂರ್ತಿ ತೆಗೆದು, ಅದರಲ್ಲಿರುವ ಇನ್ಸುಲಿನ್ ತಯಾರಿಸುವ ದ್ವೀಪಕೋಶಗಳನ್ನು ಲ್ಯಾಬ್‌ನಲ್ಲಿ ಬೇರ್ಪಡಿಸಿ, ಅದೇ ದಿನ ಅದೇ ರೋಗಿಯ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಬಿಡುತ್ತಾರೆ. ಕೋಶಗಳು ಯಕೃತ್ತಿನಲ್ಲಿ ನೆಲೆಯೂರಿ ಇನ್ಸುಲಿನ್ ಮಾಡತೊಡಗುತ್ತವೆ. ತನ್ನದೇ ಕೋಶಗಳಾದ್ದರಿಂದ ದೇಹ ಅವನ್ನು ತಿರಸ್ಕರಿಸುವುದಿಲ್ಲ. ಮೊದಲು ಮಾಡಿದ್ದು 1977ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಸುಮಾರು ಮೂರರಲ್ಲಿ ಒಬ್ಬರಿಗೆ ಆಮೇಲೆ ಇನ್ಸುಲಿನ್ ಬೇಕಾಗುವುದಿಲ್ಲ, ಉಳಿದವರಿಗೆ ಬೇಕು. ಕಿಣ್ವದ ಕ್ಯಾಪ್ಸೂಲ್ ಎಲ್ಲರಿಗೂ ಜೀವನಪೂರ್ತಿ.

ಹಿಂದೆಗೆದುಕೊಳ್ಳಲಾಗದ ಆಪರೇಷನ್ ಇದು. ಜೀನ್ ದೋಷ ಇದೆ ಅನ್ನುವುದೊಂದೇ ಇದಕ್ಕೆ ಕಾರಣ ಆಗಬಾರದು. ಔಷಧಿ, ನಾಳದ ಕಲ್ಲು ತೆಗೆಯುವುದು, ಸ್ಟೆಂಟ್, ನಾಳವನ್ನು ಕರುಳಿಗೆ ಜೋಡಿಸುವ ಆಪರೇಷನ್ ಯಾವುದಕ್ಕೂ ನೋವು ಬಗ್ಗದೆ ಬದುಕೇ ನಿಂತುಹೋದವರಿಗೆ ಇದನ್ನು ಯೋಚಿಸುತ್ತಾರೆ. ಜೀನ್ ಟೆಸ್ಟ್ ಇಲ್ಲಿ ಒಂದು ರೀತಿ ಸಹಾಯ ಮಾಡುತ್ತದೆ. ದೋಷ ಗ್ರಂಥಿಯ ಪ್ರತಿ ಕಣದಲ್ಲೂ ಇರುವಾಗ ಅರ್ಧ ಕತ್ತರಿಸಿದರೆ ಉಳಿದರ್ಧದಲ್ಲಿ ಕಾಯಿಲೆ ಮುಂದುವರಿಯಬಹುದು ಅನ್ನುವುದು ಮೊದಲೇ ತಿಳಿಯುತ್ತದೆ.

ಜೀನನ್ನೇ ಸರಿಪಡಿಸುವ ಚಿಕಿತ್ಸೆ ಬಂದಿದೆಯಾ?

ಪಿಆರ್‌ಎಸ್‌ಎಸ್1, ಸ್ಪಿಂಕ್1ಗೆ ಬಂದಿಲ್ಲ. ಆ ಹೆಸರಿನಲ್ಲಿ ಯಾರಾದರೂ ಮಾತ್ರೆ, ಇಂಜೆಕ್ಷನ್ ಮಾರಲು ಬಂದರೆ ದುಡ್ಡು ಕೊಡಬೇಡಿ. ಸಿಎಫ್‌ಟಿಆರ್ ವಿಷಯದಲ್ಲಿ ಬಾಗಿಲು ಸ್ವಲ್ಪ ತೆರೆದಿದೆ. ಕೆಟ್ಟ ಪ್ರೋಟೀನನ್ನು ಸರಿಯಾಗಿ ಕೆಲಸ ಮಾಡಿಸುವ ಔಷಧಿಗಳು ಬಂದಿವೆ, ಐವಕ್ಯಾಫ್ಟರ್ 2012ರಲ್ಲಿ, ಮೂರು ಔಷಧಿಗಳ ಜೋಡಿ 2019ರಲ್ಲಿ. ಅನುಮತಿ ಇರುವುದು ಸಿಸ್ಟಿಕ್ ಫೈಬ್ರೋಸಿಸ್‌ಗೆ. ಅದನ್ನು ತಗೊಂಡ ಕೆಲವರಲ್ಲಿ ಪ್ಯಾಂಕ್ರಿಯಾಟೈಟಿಸ್ ಬರುವುದು ಕಡಿಮೆಯಾದದ್ದನ್ನು ವೈದ್ಯರು ವರದಿ ಮಾಡಿದ್ದಾರೆ. ಸಿಎಫ್‌ಟಿಆರ್ ದೋಷ ಇರುವವರು ತಮ್ಮ ಡಾಕ್ಟರ್ ಹತ್ತಿರ ಈ ಮಾತು ಎತ್ತಬಹುದು.

ಮದುವೆ, ಮಕ್ಕಳು?

ಮದುವೆಗೆ ಅಡ್ಡಿ ಏನೂ ಇಲ್ಲ. ಆಗುವವರಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಸಿಎಫ್‌ಟಿಆರ್ ಆದರೆ ಸಂಗಾತಿಗೂ ಟೆಸ್ಟ್ ಮಾಡಿಸುವುದು ಒಳ್ಳೆಯದು, ಇಬ್ಬರಲ್ಲೂ ತೀವ್ರ ದೋಷ ಇದ್ದರೆ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪಿಆರ್‌ಎಸ್‌ಎಸ್1 ಇರುವ ದಂಪತಿಗಳಲ್ಲಿ ಕೆಲವರು ಐವಿಎಫ್ ಮಾಡಿಸಿ ದೋಷ ಇಲ್ಲದ ಭ್ರೂಣವನ್ನು ಆರಿಸಿಕೊಳ್ಳುತ್ತಾರೆ, ಕೆಲವರು ಹಾಗೇ ಮಕ್ಕಳು ಮಾಡಿಕೊಳ್ಳುತ್ತಾರೆ. ಯಾವುದು ಸರಿ ಅಂತ ಹೊರಗಿನವರು ಹೇಳುವ ಹಾಗಿಲ್ಲ. ತಮ್ಮ ಮತ್ತು ಅವನ ಹೆಂಡತಿ ಕೌನ್ಸೆಲರ್ ಹತ್ತಿರ ಎರಡು ಸಲ ಹೋಗಿ ಬಂದರು, ಹಾಗೇ ಇರಲಿ ಅಂದರು. ಮಗಳಿಗೆ ಈಗ 4 ವರ್ಷ, ಟೆಸ್ಟ್ ಮಾಡಿಸಿಲ್ಲ. ಅವಳ ಫೈಲಿನ ಮೊದಲ ಪುಟದಲ್ಲಿ ಅವನ ರಿಪೋರ್ಟಿನ ಪ್ರತಿ ಇದೆ.